ಕೂಸು ಎಂದು ನಗುವುದು?



ತಿಂಗಳೊಂದಕ್ಕೆ ಮೇಲಾಯಿತು, ಹರಿಹರದಲ್ಲಿರುವ ನನ್ನ ತಂಗಿಯ ಮನೆಗೆ ಹೋಗಿದ್ದೆನು. ದಾವಣಗೆರೆಯಿಂದ ಹರಿಹರವೇನೂ ದೂರವಲ್ಲ. ಬಸ್ಸು ಹತ್ತಿ ಕುಳಿತು, ಪಕ್ಕದಲ್ಲಿದ್ದವರ ಊರುಕೇರಿ ವಿಚಾರಿಸಿ ಮುಗಿಸುವಷ್ಟರಲ್ಲಿ ಊರು ಬಂದುಬಿಡುತ್ತದೆ. ತಂಗಿಯ ಮಗಳು ಚೊಚ್ಚಲ ಬಾಣಂತನಕ್ಕೆಂದು ತವರಿನಲ್ಲಿದ್ದಳು. ಕೂಸನ್ನು ನೋಡಿ, ಅದರ ಕೈಯಲ್ಲಿ ನಾಲ್ಕು ಕಾಸಿಟ್ಟು, ಹರಿಹರೇಶ್ವರನ ದರ್ಶನ ಮಾಡಿಕೊಂಡು, ಹೊತ್ತು ಮುಳುಗುವ ಮೊದಲು ಮನೆ ಸೇರಬೇಕೆಂಬುದು ನನ್ನ ಲೆಕ್ಕ. ಆದರೆ ಹೊಸಿಲು ದಾಟಿದೊಡನೆಯೇ ಆ ಮನೆಯಲ್ಲಿ ಏನೋ ಒಂದು ಬಿಗುವಿರುವುದು ಗೊತ್ತಾಯಿತು. ತೊಟ್ಟಿಲು ತೂಗುತ್ತಿತ್ತು, ಹಂಡೆಯಲ್ಲಿ ನೀರು ಕಾಯುತ್ತಿತ್ತು, ಒಲೆಯ ಮೇಲೆ ಬಾಣಂತಿಯ ಸಾರು ಕುದಿಯುತ್ತಿತ್ತು. ಮಾತು ಮಾತ್ರ ಇರಲಿಲ್ಲ.

ತಂಗಿಯು ನನ್ನನ್ನು ಅಡಿಗೆಮನೆಗೆ ಕರೆದೊಯ್ದು ಮೆಲ್ಲಗೆ, "ಅಕ್ಕಾ, ನೀನಾದರೂ ಒಂದು ಮಾತು ಹೇಳು. ಕೂಸಿಗೆ ಇವತ್ತಿಗೆ ಎಪ್ಪತ್ತೇಳು ದಿನ. ಇನ್ನೂ ನಕ್ಕಿಲ್ಲ. ಎದುರುಮನೆ ಕೂಸೂ ಅವತ್ತೇ ಹುಟ್ಟಿದ್ದು, ಅದು ಬೀದಿಯಲ್ಲಿ ಹೋಗೋರನ್ನೆಲ್ಲ ನೋಡಿ ನಗುತೈತಿ" ಎಂದಳು. ಹಿಂದಿನ ವಾರ ಬೀಗರು ಬಂದಿದ್ದರಂತೆ. ಬೀಗಿತಿಯು ಕೂಸಿನ ಗಲ್ಲವನ್ನು ಹಿಡಿದು ಬಹಳ ಹೊತ್ತು ಆಡಿಸಿ, ಅದು ನಗದೆ ಬರಿದೆ ನೋಡುತ್ತಿದ್ದುದನ್ನು ಕಂಡು, "ಮಂಕು ಕೂಸು. ಬಸುರಿಯಾಗಿದ್ದಾಗ ಇವಳು ಮುಖ ಗಂಟಿಕ್ಕಿಕೊಂಡೇ ಇದ್ದಳಲ್ಲ, ಅದಕ್ಕೇ ಹೀಗೆ" ಎಂದು ಎಲ್ಲರೆದುರಿಗೆ ಹೇಳಿ ಹೋದರಂತೆ. ಅಂದಿನಿಂದ ಹುಡುಗಿಯು ಕೂಸಿಗೆ ಹಾಲು ಕೊಡುವಾಗಲೂ ಗೋಡೆಯ ಕಡೆಗೆ ಮುಖಮಾಡಿ ಕುಳಿತುಕೊಳ್ಳುತ್ತಾಳೆ.

ನಾನು ಕೇಳಿದ್ದು ಒಂದೇ ಮಾತು. "ಹೆರಿಗೆಗೆ ಡಾಕ್ಟರು ಯಾವ ದಿನ ಕೊಟ್ಟಿದ್ದರು?" ತಂಗಿ ಹೇಳಿದಳು. ಬೆರಳು ಮಡಿಚಿ ಎಣಿಸಿದೆನು. ಆ ದಿನವು ಕಳೆದು ಆಗ ಮೂರೇ ವಾರವಾಗಿತ್ತು! ಕೂಸು ಎಂಟು ವಾರ ಮುಂಚಿತವಾಗಿ ಹುಟ್ಟಿತ್ತು. ದಾವಣಗೆರೆಯ ಆಸ್ಪತ್ರೆಯೊಂದರಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಮೂರೂವರೆ ವಾರ ಇದ್ದು ಮನೆಗೆ ಬಂದಿತ್ತು. ಇದನ್ನು ಮನೆಯವರೆಲ್ಲರೂ ಬಲ್ಲರು; ಆದರೆ ನಗೆಯ ಲೆಕ್ಕ ಹಾಕುವಾಗ ಎಲ್ಲರೂ ಮರೆತುಬಿಟ್ಟಿದ್ದರು. ಇಂಥ ಮರೆವು ನಮ್ಮ ಎಷ್ಟೋ ಮನೆಗಳಲ್ಲಿ ಇರುವುದರಿಂದ, ಈ ತಿಂಗಳ ಪುಟವನ್ನು ಕೂಸಿನ ನಗೆಗೇ ಮೀಸಲಾಗಿಡುತ್ತೇನೆ.

ಹುಟ್ಟಿದ ಎರಡು ಮೂರು ದಿನಗಳಲ್ಲಿಯೇ ಕೂಸಿನ ತುಟಿಯ ಅಂಚಿನಲ್ಲಿ ನಗೆಯೊಂದು ಮಿಂಚಿ ಮಾಯವಾಗುವುದನ್ನು ನೀವು ಕಂಡಿರುತ್ತೀರಿ. ಅದು ಬಹುಮಟ್ಟಿಗೆ ನಿದ್ದೆಯಲ್ಲಿ ಬರುವ ನಗೆ. ಸೆಟಿಗೆವ್ವ ಬಂದು ಕೂಸನ್ನು ನಗಿಸುತ್ತಾಳೆಂದು ನಮ್ಮ ಕಡೆಯ ಮುದುಕಿಯರು ಹೇಳುವರು. ಹೊಸ ಕಾಲದವರು ಹೊಟ್ಟೆಯಲ್ಲಿ ವಾಯು ಸೇರಿದರೆ ಹಾಗಾಗುತ್ತದೆಂದು ಹೇಳುವರು. ವಾಯುವಿನ ಮಾತಿಗಿಂತ ಸೆಟಿಗೆವ್ವನ ಮಾತೇ ಕೇಳಲು ಚೆನ್ನ. ಆದರೆ ನಿಜವಾದ ಕಾರಣ ಎರಡೂ ಅಲ್ಲ. ರೆಪ್ಪೆಯ ಕೆಳಗೆ ಕಣ್ಣುಗುಡ್ಡೆಗಳು ಅತ್ತಿತ್ತ ಸರಿದಾಡುವ ಹಗುರವಾದ ನಿದ್ದೆಯೊಂದುಂಟು. ಆ ನಿದ್ದೆಯಲ್ಲಿ ಇನ್ನೂ ಬಲಿಯದ ಮಿದುಳು ಮುಖದ ಸ್ನಾಯುಗಳನ್ನು ತಾನಾಗಿ ಮಿಡಿಸುತ್ತದೆ. ಯಾರನ್ನೂ ಕುರಿತು ಬಂದ ನಗೆಯಲ್ಲ ಅದು. ತಿಂಗಳು ತುಂಬದೆ ಹುಟ್ಟಿದ ಕೂಸುಗಳಲ್ಲಿ ಸಹ ಇದು ಕಾಣುತ್ತದೆ. ತಂಗಿಯ ಮೊಮ್ಮಗುವೂ ನಿದ್ದೆಯಲ್ಲಿ ಹೀಗೆ ನಗುತ್ತಿತ್ತಂತೆ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ, ಹಿಡಿಯದಿದ್ದುದೂ ಸರಿಯೇ.

ನಾವು ಕಾಯುವುದು ಎಚ್ಚರದ ನಗೆಯನ್ನು, ಎದುರಿನ ಮುಖವನ್ನು ಕಂಡು ಬರುವ ನಗೆಯನ್ನು. ಇವೆರಡನ್ನು ಬೇರೆಮಾಡಿ ಗುರುತಿಸುವುದು ಕಷ್ಟವಲ್ಲ. ನಿದ್ದೆಯ ನಗೆ ತುಟಿಯಲ್ಲೇ ಹುಟ್ಟಿ ತುಟಿಯಲ್ಲೇ ಮುಗಿಯುತ್ತದೆ. ಎಚ್ಚರದ ನಗೆಯಲ್ಲಿ ಮೊದಲು ಕಣ್ಣು ಅರಳುತ್ತದೆ, ಕೆನ್ನೆ ಮೇಲಕ್ಕೇರುತ್ತದೆ, ಕೈಕಾಲುಗಳು ಆಡುತ್ತವೆ. ಮೈಯೆಲ್ಲ ನಗುತ್ತದೆ ಎಂದರೂ ತಪ್ಪಲ್ಲ. ದೊಡ್ಡವರ ಮುಖದಲ್ಲಿಯೂ ಬಾಯಿ ಮಾತ್ರ ನಗುವುದು ಬೇರೆ, ಕಣ್ಣಿನ ಸುತ್ತಣ ಸ್ನಾಯು ಕೂಡ ನಗುವುದು ಬೇರೆ ಎಂಬುದನ್ನು 1862ರಷ್ಟು ಹಿಂದೆಯೇ ಫ್ರಾನ್ಸ್ ದೇಶದ ಡ್ಯುಶೆನ್ ಎಂಬ ವೈದ್ಯನು ತೋರಿಸಿಕೊಟ್ಟನು. ಸಂತೆಯ ನಗೆ ಯಾವುದು, ಮನೆಯ ನಗೆ ಯಾವುದು ಎಂಬುದು ನಮ್ಮ ಹೆಂಗಸರಿಗೆ ಡ್ಯುಶೆನ್ ಹೇಳದೆಯೇ ಗೊತ್ತಿದ್ದ ವಿಷಯವೆನ್ನಿ.

ತಿಂಗಳು ತುಂಬಿ ಹುಟ್ಟಿದ ಕೂಸಿಗೆ ಈ ನಗೆಯು ಸಾಮಾನ್ಯವಾಗಿ ಆರರಿಂದ ಎಂಟು ವಾರಗಳೊಳಗೆ ಬರುತ್ತದೆ. ಅದಕ್ಕೂ ಮೊದಲು, ಮೂರು ನಾಲ್ಕನೆಯ ವಾರದಲ್ಲಿ, ಮುಖಕ್ಕಿಂತ ದನಿಗೆ ನಗುವ ಕೂಸುಗಳುಂಟು. ಅದರಲ್ಲಿಯೂ ಗಂಡಸರ ದಪ್ಪ ದನಿಗಿಂತ ಹೆಂಗಸರ ಎಳೆದನಿಗೆ ಬೇಗ ಒಲಿಯುತ್ತವೆ. ಕೂಸನ್ನು ಮಾತನಾಡಿಸುವಾಗ ಅಜ್ಜಿಯರು ತಾವಾಗಿಯೇ ದನಿಯನ್ನು ಏರಿಸಿ ರಾಗವೆಳೆಯುವುದು ಹುಚ್ಚಾಟವಲ್ಲವೆಂಬುದು ಇದರಿಂದ ತಿಳಿಯುತ್ತದೆ. ಜೀವಜಾತಿಗಳ ಉತ್ಪತ್ತಿಯನ್ನು ಕುರಿತು ಬರೆದು ಲೋಕವನ್ನೇ ಅಲ್ಲಾಡಿಸಿದ ಚಾರ್ಲ್ಸ್ ಡಾರ್ವಿನ್ನನು ಸಹ 1839ರ ಡಿಸೆಂಬರಿನಲ್ಲಿ ತನ್ನ ಚೊಚ್ಚಲ ಮಗ ಹುಟ್ಟಿದಂದಿನಿಂದ ಅವನ ಸೀನು, ಆಕಳಿಕೆ, ಅಳು, ನಗೆಗಳನ್ನೆಲ್ಲ ಪುಸ್ತಕದಲ್ಲಿ ಗುರುತು ಹಾಕುತ್ತ ಬಂದನು; 1877ರಲ್ಲಿ ಅದನ್ನು ಪತ್ರಿಕೆಯೊಂದರಲ್ಲಿ ಪ್ರಕಟಿಸಿದನು. ಮಗನ ನಿಜವಾದ ನಗೆಯನ್ನು ಅವನು ಕಂಡದ್ದು 45ನೆಯ ದಿನ. ಇನ್ನೊಂದು ಕೂಸಿನಲ್ಲಿ 46ನೆಯ ದಿನ. ಆ ನಗೆ ಹೆಚ್ಚಾಗಿ ಬಂದದ್ದು ತಾಯಿಯ ಮುಖವನ್ನು ನೋಡುವಾಗ, ಆದಕಾರಣ ಅದು ಮನಸ್ಸಿನಿಂದ ಹುಟ್ಟಿದ್ದಿರಬೇಕು ಎಂದು ಅವನ ಊಹೆ.

ಈ 45 ದಿನದ ಲೆಕ್ಕವನ್ನು ನಮ್ಮ ಊರಿನ ಲೆಕ್ಕದೊಡನೆ ಹೊಂದಿಸಿ ನೋಡಿ. ಬಾಣಂತಿಯ ಮನೆಗೆ ಆಶಾ ಕಾರ್ಯಕರ್ತೆಯು 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಬಂದು ಕೂಸನ್ನು ನೋಡಿಹೋಗಬೇಕೆಂದು ನಿಯಮವಿದೆ. ಒಂದೂವರೆ ತಿಂಗಳಿಗೆ, ಎಂದರೆ ಆರನೆಯ ವಾರಕ್ಕೆ, ತೊಡೆಗೆ ಚುಚ್ಚುಮದ್ದು ಬೀಳುತ್ತದೆ. ಮುಂದಿನವು ಹತ್ತನೆಯ ಮತ್ತು ಹದಿನಾಲ್ಕನೆಯ ವಾರಕ್ಕೆ. ಹೀಗೆ ಕೂಸಿನ ಮೊದಲ ನಗೆಯೂ ಆಶಾಳ 42ನೆಯ ದಿನದ ಭೇಟಿಯೂ ತೊಡೆಯ ಚುಚ್ಚುಮದ್ದೂ ಹೆಚ್ಚು ಕಡಿಮೆ ಒಂದೇ ವಾರದಲ್ಲಿ ಕೂಡಿಬರುತ್ತವೆ. ಜ್ವರ ಬಂತೇ, ಹಾಲು ಕುಡಿಯುತ್ತದೆಯೇ ಎಂದು ಕೇಳುವವರು "ಕೂಸು ನಿನ್ನ ಮುಖ ನೋಡಿ ನಗುತ್ತದೆಯೇ?" ಎಂಬ ಇನ್ನೊಂದು ಪ್ರಶ್ನೆಯನ್ನೂ ಕೇಳಿದರೆ ಖರ್ಚಿಲ್ಲದ ಪರೀಕ್ಷೆಯೊಂದು ನಡೆದುಹೋಗುತ್ತದೆ. ತಿರುವನಂತಪುರದ ಶಿಶುವಿಕಾಸ ಕೇಂದ್ರದವರು ಎರಡು ವರ್ಷದೊಳಗಿನ ಮಕ್ಕಳ ಬೆಳವಣಿಗೆಯನ್ನು ಅಳೆಯಲು 17 ಅಂಶಗಳ ಪಟ್ಟಿಯೊಂದನ್ನು ಸಿದ್ಧಪಡಿಸಿ 1991ರಲ್ಲಿ ಪ್ರಕಟಿಸಿದರು. ಅದರ ತಲೆಯಲ್ಲಿ ನಿಂತಿರುವುದು ಕೂರುವುದಲ್ಲ, ನಡೆಯುವುದಲ್ಲ. ಮುಖ ನೋಡಿ ನಗುವುದು.

ಆದರೆ ಈ ಲೆಕ್ಕವೆಲ್ಲ ತಿಂಗಳು ತುಂಬಿ ಹುಟ್ಟಿದ ಕೂಸಿಗೆ. ದಿನಕ್ಕೆ ಮುಂಚೆ ಹುಟ್ಟಿದ ಕೂಸಿನ ವಿಷಯದಲ್ಲಿ ನಮ್ಮವರು ಎಡವುವುದು ಇಲ್ಲಿಯೇ. ನಗೆ ಬರುವುದು ಮಿದುಳು ಒಂದು ಹದಕ್ಕೆ ಮಾಗಿದಾಗ. ಆ ಮಾಗುವಿಕೆಯು ಗರ್ಭ ನಿಂತಂದಿನಿಂದ ಎಣಿಸತಕ್ಕದ್ದೇ ಹೊರತು ಹೆರಿಗೆಯಾದಂದಿನಿಂದಲ್ಲ. ಗಿಡದಲ್ಲಿ ಇನ್ನೂ ಎರಡು ತಿಂಗಳು ಇರಬೇಕಾಗಿದ್ದ ಕಾಯಿ ಗಾಳಿಗೆ ಉದುರಿತೆಂದು ಅದು ಅಂದೇ ಹಣ್ಣಾದೀತೇ? ಎಂಟು ವಾರ ಮೊದಲು ಹುಟ್ಟಿದ ಕೂಸಿನ ವಯಸ್ಸಿನಿಂದ ಎಂಟು ವಾರ ಕಳೆಯಬೇಕು. ಉಳಿದದ್ದೇ ನಗೆಗೆ, ಕತ್ತು ನಿಲ್ಲುವುದಕ್ಕೆ, ಮಗ್ಗಲು ಹೊರಳುವುದಕ್ಕೆ ಹಿಡಿಯತಕ್ಕ ವಯಸ್ಸು. ಎರಡು ವರ್ಷ ತುಂಬುವವರೆಗೆ ವೈದ್ಯರು ಹೀಗೆಯೇ ಕಳೆದು ನೋಡುವರು. ಇದರಲ್ಲಿ ಇನ್ನೊಂದು ತೊಡಕುಂಟು. ಚುಚ್ಚುಮದ್ದಿಗೆ ಈ ಕಳೆಯುವ ಲೆಕ್ಕ ಸಲ್ಲದು. ಅದನ್ನು ಹುಟ್ಟಿದ ದಿನದಿಂದಲೇ ಎಣಿಸಿ ಹಾಕಿಸತಕ್ಕದ್ದು. ಒಂದೇ ಕೂಸಿಗೆ ಎರಡು ಪಂಚಾಂಗ! ತಂಗಿಗೆ ಇದನ್ನು ತಿಳಿಸಿ ಹೇಳಲು ನಾನು ದೂರ ಹೋಗಬೇಕಾಗಲಿಲ್ಲ. ಅವಳ ಮನೆಯಿಂದ ನಾಲ್ಕು ಹೆಜ್ಜೆಯಲ್ಲಿ, ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು 1224ರ ಸುಮಾರಿಗೆ ಕಟ್ಟಿಸಿದ ಗುಡಿಯಲ್ಲಿ, ಒಂದೇ ವಿಗ್ರಹದ ಒಂದು ಪಾರ್ಶ್ವ ಹರಿ, ಒಂದು ಪಾರ್ಶ್ವ ಹರ. "ಅಲ್ಲಿ ಇಬ್ಬರಿಗೂ ಕೈ ಮುಗಿಯುತ್ತೀಯಲ್ಲ, ಹಾಗೆ ಇಲ್ಲಿ ಎರಡು ಲೆಕ್ಕವನ್ನೂ ಇಟ್ಟುಕೋ" ಎಂದೆನು. ಅವಳು ಸ್ವಲ್ಪ ನಕ್ಕಳು. ಆ ಮನೆಯಲ್ಲಿ ಅಂದು ಕಂಡ ಮೊದಲ ನಗೆ ಅದೇ.

ಇಷ್ಟು ಹೇಳಿ ನಾನು ಎದ್ದುಬರಬಹುದಾಗಿತ್ತು. ಆದರೆ ಆಸ್ಪತ್ರೆಯಿಂದ ಬಿಡುವಾಗ ಕೊಟ್ಟ ಕಾಗದಗಳನ್ನು ಒಮ್ಮೆ ನೋಡೋಣವೆಂದು ಕೇಳಿದೆನು. ಬಿಡುಗಡೆಯ ಕಾಗದದ ಕೆಳಗೆ, ಇಂಥ ತಾರೀಖಿಗೆ ಕಣ್ಣಿನ ಪರೀಕ್ಷೆಗೆ ಕರೆತರತಕ್ಕದ್ದು ಎಂದು ಬರೆದಿತ್ತು. ಕರೆದೊಯ್ದಿರಲಿಲ್ಲ. ಅಂದು ಮಳೆ ಬಂದಿತ್ತು, ಹಸಿ ಬಾಣಂತಿ, ಥಂಡಿಗಾಳಿ ತಾಗೀತೆಂದು ಮನೆಯವರು ಅಂಜಿದರು, ಮರುವಾರಕ್ಕೆ ಮರೆತೇಹೋಯಿತು. ಅದನ್ನು ಓದುವಾಗ ನನ್ನ ಕೈ ನಡುಗಿತೆಂದು ಒಪ್ಪಿಕೊಳ್ಳುತ್ತೇನೆ.

ಏಕೆಂದರೆ, ಮುಖವನ್ನು ಕಂಡು ನಗಬೇಕಾದರೆ ಮುಖ ಕಾಣಬೇಕು. ಕಣ್ಣಿನ ಹಿಂಭಾಗದ ಅಕ್ಷಿಪಟಲಕ್ಕೆ ರಕ್ತನಾಳಗಳು ನಡುವಿನಿಂದ ಅಂಚಿನ ಕಡೆಗೆ ಬೆಳೆಯುತ್ತ ಹೋಗಿ, ಒಂಬತ್ತು ತಿಂಗಳು ತುಂಬುವ ಹೊತ್ತಿಗೆ ಆ ಕೆಲಸ ಮುಗಿಯುತ್ತದೆ. ಮೊದಲೇ ಹುಟ್ಟಿದ ಕೂಸಿನಲ್ಲಿ ಆ ನಾಳಗಳು ಅರ್ಧದಾರಿಯಲ್ಲಿರುತ್ತವೆ. ಕೆಲವರಲ್ಲಿ ಅವು ಮುಂದೆ ಅಡ್ಡಾದಿಡ್ಡಿಯಾಗಿ ಬೆಳೆದು ಅಕ್ಷಿಪಟಲವನ್ನೇ ಎಳೆದು ಕಿತ್ತುಬಿಡುತ್ತವೆ. ಆಮೇಲೆ ದೃಷ್ಟಿಯು ಹೋದಂತೆಯೇ. ಹೊರಗಿನಿಂದ ನೋಡಿದರೆ ಕಣ್ಣು ಕಪ್ಪಗೆ ಹೊಳೆಯುತ್ತಲೇ ಇರುತ್ತದೆ. ಅಜ್ಜಿಗೂ ತಿಳಿಯದು, ತಾಯಿಗೂ ತಿಳಿಯದು. ಆದುದರಿಂದ 34 ವಾರಕ್ಕೆ ಮೊದಲು ಹುಟ್ಟಿದ ಅಥವಾ ಹುಟ್ಟುವಾಗ ಎರಡು ಕಿಲೋಗ್ರಾಮಿಗಿಂತ ಕಡಿಮೆ ತೂಗಿದ ಪ್ರತಿಯೊಂದು ಕೂಸಿನ ಕಣ್ಣನ್ನೂ 30 ದಿನ ತುಂಬುವುದರೊಳಗೆ ಪರೀಕ್ಷಿಸಬೇಕೆಂದು ನಮ್ಮ ದೇಶದ ವೈದ್ಯರ ಕಟ್ಟಳೆ. ತೀರ ಸಣ್ಣ ಕೂಸುಗಳಿಗೆ ಇನ್ನೂ ಮೊದಲೇ. ದೋಷ ಕಂಡರೆ ಎರಡು ಮೂರು ದಿನಗಳೊಳಗೆ ಲೇಸರ್ ಕಿರಣದಿಂದಲೋ ಔಷಧದಿಂದಲೋ ಚಿಕಿತ್ಸೆ ನಡೆಯಬೇಕು. ಆ ದಿನ ತಪ್ಪಿದರೆ ಹಣವಿದ್ದೂ ಫಲವಿಲ್ಲ.

ಈ ವಿಷಯದಲ್ಲಿ ನಮ್ಮ ನಾಡು ಮಾಡಿದ ಕೆಲಸವನ್ನು ಹೇಳದೆ ಮುಂದುವರಿಯಲಾರೆ. ಬೆಂಗಳೂರಿನ ನಾರಾಯಣ ನೇತ್ರಾಲಯದವರು 2008ರಲ್ಲಿ ಕಿಡ್‌ರೋಪ್ ಎಂಬ ಯೋಜನೆಯನ್ನು ಆರಂಭಿಸಿದರು. ಇಂಥ ಕಣ್ಣನ್ನು ಪರೀಕ್ಷಿಸಬಲ್ಲ ವೈದ್ಯರು ಎಲ್ಲ ಊರುಗಳಲ್ಲಿಯೂ ಇಲ್ಲವಷ್ಟೆ. ಆದುದರಿಂದ ತರಬೇತು ಹೊಂದಿದ ಸಹಾಯಕರು ಜಿಲ್ಲೆಯ ಊರುಗಳ ನವಜಾತ ಶಿಶುಗಳ ವಾರ್ಡುಗಳಿಗೆ ಕ್ಯಾಮೆರಾ ಹೊತ್ತುಕೊಂಡು ಹೋಗಿ, ಕೂಸಿನ ಕಣ್ಣೊಳಗಿನ ಚಿತ್ರವನ್ನು ತೆಗೆದು ಇಂಟರ್‌ನೆಟ್ಟಿನ ಮೂಲಕ ತಜ್ಞರಿಗೆ ಕಳುಹಿಸುವರು. ನಮ್ಮ ದಾವಣಗೆರೆಯಲ್ಲಿಯಂತೂ 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಸ್ಥಾಪನೆಯಾಯಿತು. ಮಕ್ಕಳಿಗೇ ಮೀಸಲಾದ ಬಾಪೂಜಿ ಮಕ್ಕಳ ಆಸ್ಪತ್ರೆ ಇದೆ, ಚಿಗಟೇರಿ ಜಿಲ್ಲಾಸ್ಪತ್ರೆ ಇದೆ. ಹರಿಹರ, ಹೊನ್ನಾಳಿ, ಜಗಳೂರುಗಳಿಂದ ಬೆಳಗಿನ ಬಸ್ಸಿಗೆ ಕೂಸನ್ನೆತ್ತಿಕೊಂಡು ಬರುವ ತಾಯಂದಿರನ್ನು ನೋಡಿದ್ದೇನೆ. ವೈದ್ಯರು ದೂರವಿರುವುದಕ್ಕಿಂತ, ಕಾಗದದಲ್ಲಿ ಬರೆದುದನ್ನು ನಾವು ಮಡಿಚಿಟ್ಟು ಮರೆಯುವುದೇ ಎಷ್ಟೋ ಸಲ ಹೆಚ್ಚಿನ ಅಪಾಯ.

ಮರುದಿನವೇ ಹೋದೆವು. ಕಣ್ಣಿಗೆ ಹನಿ ಬಿಟ್ಟು, ಅರ್ಧ ಗಂಟೆಯ ಮೇಲೆ ಡಾಕ್ಟರು ನೋಡಿ, ನಾಳಗಳು ಅಂಚಿನವರೆಗೆ ಸರಿಯಾಗಿ ಬೆಳೆದಿವೆ, ಭಯವಿಲ್ಲ ಎಂದರು. ತಡವಾಗಿ ತಂದುದಕ್ಕೆ ನಾಲ್ಕು ಮಾತನ್ನೂ ಆಡಿದರು. ಆಡಿದ್ದು ನ್ಯಾಯವೇ. ನಮ್ಮದು ಅದೃಷ್ಟ, ಅದನ್ನು ಯಾರೂ ಮೇಲ್ಪಂಕ್ತಿಯಾಗಿ ಹಿಡಿಯಬೇಡಿರಿ.

ಕಣ್ಣಿನ ಮಾತು ಬಂದಾಗ ಇನ್ನೊಂದು ವಿಷಯವನ್ನು ಹೇಳಬೇಕು. ಹುಟ್ಟುಕುರುಡು ಕೂಸುಗಳೂ ನಗುತ್ತವೆ. ಅಮೆರಿಕದ ಸೆಲ್ಮಾ ಫ್ರೈಬರ್ಗ್ ಎಂಬ ವಿದುಷಿಯು ಇಂಥ ಮಕ್ಕಳನ್ನು ವರ್ಷಗಟ್ಟಲೆ ನೋಡಿ 1977ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದಳು. ಆ ಕೂಸುಗಳು ತಾಯಿಯ ದನಿಗೆ, ಮುಟ್ಟಿ ಆಡಿಸುವುದಕ್ಕೆ ನಗುತ್ತಿದ್ದವು. ನಗೆಯನ್ನು ಕೂಸು ನಮ್ಮನ್ನು ನೋಡಿ ಕಲಿಯುವುದಿಲ್ಲ, ಹೊತ್ತುಕೊಂಡೇ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಆದರೆ ದಿನದಿಂದ ದಿನಕ್ಕೆ ಅದು ಹೆಚ್ಚುವುದು, ಉತ್ತರ ಸಿಕ್ಕಿದರೆ.

ಈ ಉತ್ತರದ ಮಾತನ್ನು ಹೇಳುವುದಕ್ಕೆ ನನಗೆ ಸ್ವಲ್ಪ ಸಂಕೋಚ. ಏಕೆಂದರೆ ನಮ್ಮಲ್ಲಿ ಏನು ಹೇಳಿದರೂ ಅದನ್ನು ಬಾಣಂತಿಯ ತಲೆಯ ಮೇಲೆಯೇ ಹಾಕುವವರಿದ್ದಾರೆ. ಮೊದಲಿಗೇ ಸ್ಪಷ್ಟಪಡಿಸುತ್ತೇನೆ: ತಂಗಿಯ ಮೊಮ್ಮಗು 77ನೆಯ ದಿನಕ್ಕೆ ನಗದಿದ್ದುದಕ್ಕೆ ತಾಯಿಯ ದುಃಖ ಕಾರಣವಲ್ಲ, ಬಸುರಿಯಲ್ಲಿ ಅವಳು ಮುಖ ಗಂಟಿಕ್ಕಿದುದಂತೂ ಕಾರಣವೇ ಅಲ್ಲ. ಆದರೂ ಅವಳು ಗೋಡೆಯ ಕಡೆಗೆ ಮುಖಮಾಡಿ ಕುಳಿತದ್ದನ್ನು ಕಂಡು ನನಗೆ ಒಂದು ಪ್ರಯೋಗ ನೆನಪಾಯಿತು. 1978ರಲ್ಲಿ ಅಮೆರಿಕದ ಟ್ರಾನಿಕ್ ಎಂಬ ವಿದ್ವಾಂಸನೂ ಅವನ ಸಂಗಡಿಗರೂ ಅದನ್ನು ಪ್ರಕಟಿಸಿದರು. ಕೆಲವೇ ತಿಂಗಳ ಕೂಸಿನೆದುರು ತಾಯಿ ಕುಳಿತು ಎಂದಿನಂತೆ ಆಡಿಸುವಳು; ಬಳಿಕ ಕೆಲವು ನಿಮಿಷಗಳ ಕಾಲ ಮಾತಿಲ್ಲದೆ, ನಗೆಯಿಲ್ಲದೆ, ಕಲ್ಲಿನಂತೆ ಮುಖಮಾಡಿ ಅದನ್ನೇ ನೋಡುವಳು. ಕೂಸು ಮೊದಲು ನಗುತ್ತದೆ. ಉತ್ತರ ಬಾರದು. ಮತ್ತೆ ನಗುತ್ತದೆ, ಕೈ ಚಾಚುತ್ತದೆ; ಬಾರದು. ಕಡೆಗೆ ಮುಖವನ್ನು ಆಚೆಗೆ ತಿರುಗಿಸಿಕೊಂಡು ಸುಮ್ಮನಾಗಿಬಿಡುತ್ತದೆ. ಇಷ್ಟು ಎಳೆಯ ಜೀವಕ್ಕೆ ಇಷ್ಟು ತಿಳಿವಳಿಕೆಯೇ ಎಂದು ಓದಿದಾಗ ನನಗೆ ಆಶ್ಚರ್ಯವಾಗಿತ್ತು. ತಂಗಿಯ ಮನೆಯ ನಡುಮನೆಯಲ್ಲಿ ಕುಳಿತಾಗ ಆಶ್ಚರ್ಯಕ್ಕಿಂತ ಬೇರೆಯಾದುದೇನೋ ಆಯಿತು.

ಹುಡುಗಿಯ ಹತ್ತಿರ ಹೋಗಿ ಕುಳಿತೆನು. "ದೊಡ್ಡವ್ವಾ, ನನ್ನಿಂದಲೇ ಹೀಗಾಯ್ತಾ?" ಎಂದು ಕೇಳಿದಳು. ಅಲ್ಲವೆಂದು ಹೇಳಿ ಬೆರಳೆಣಿಸಿ ತೋರಿಸಿದೆನು. ಅಳುವುದಕ್ಕೆ ಅವಳಿಗೆ ಅಷ್ಟೇ ಬೇಕಾಗಿತ್ತು. ಅತ್ತು ಮುಗಿಸಿದ ಮೇಲೆ ವಿಚಾರಿಸಿದರೆ, ನಿದ್ದೆಯಿಲ್ಲ, ಊಟ ರುಚಿಸದು, ಕೂಸನ್ನು ಎತ್ತಿಕೊಂಡರೂ ತನ್ನದೆನ್ನಿಸದು ಎಂದಳು. ಹೆರಿಗೆಯಾದ ಮೊದಲ ವಾರ ಹತ್ತು ದಿನ ಕಾರಣವಿಲ್ಲದೆ ಅಳು ಬರುವುದು ಬಹಳ ಮಂದಿಗೆ ಉಂಟು. ಅದು ತಾನಾಗಿ ಇಳಿಯುತ್ತದೆ. ಎರಡು ವಾರ ಕಳೆದ ಮೇಲೆಯೂ ಮನಸ್ಸು ಏಳದಿದ್ದರೆ ಅದು ರೋಗ. ಜ್ವರದಂತೆ, ನೆಗಡಿಯಂತೆ ಅದಕ್ಕೂ ಚಿಕಿತ್ಸೆಯುಂಟು. ಗ್ರಹಚಾರವೆಂದೋ ಸೊಕ್ಕೆಂದೋ ಹೇಳಿ ಕೂರಿಸಬಾರದು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರಕಾರದ ಸಹಾಯವಾಣಿಗೆ 14416 ಎಂಬ ಸಂಖ್ಯೆ. ದುಡ್ಡಿಲ್ಲದೆ, ಕನ್ನಡದಲ್ಲಿಯೇ ಮಾತನಾಡಬಹುದು. ಅದಕ್ಕೂ ಮೊದಲು ಮನೆಯಲ್ಲಿ ಮಾಡಬೇಕಾದ ಕೆಲಸವೊಂದುಂಟು. ರಾತ್ರಿ ಒಂದು ಹೊತ್ತು ಕೂಸನ್ನು ಬೇರೆಯವರು ನೋಡಿಕೊಂಡು ತಾಯಿಗೆ ನಾಲ್ಕು ತಾಸು ಬಿಡದೆ ನಿದ್ದೆ ಕೊಡಬೇಕು. ಅಳಿಯಂದಿರು ಶನಿವಾರ ಬಂದಾಗ ನಾನು ಈ ಮಾತನ್ನು ನೇರವಾಗಿ ಹೇಳಿದೆನು. ಅವರು ನಾಚಿದರು, ಆದರೆ ಮಾಡಿದರು.

ಕೂಸನ್ನು ಆಡಿಸುವ ವಿಧಾನವನ್ನು ಹೆಚ್ಚು ಹೇಳಿಕೊಡಬೇಕಾದುದಿಲ್ಲ. ಎಳೆಗೂಸಿಗೆ ಒಂದು ಗೇಣು, ಗೇಣೂವರೆ ದೂರದಲ್ಲಿರುವುದು ಮಾತ್ರ ಸ್ವಲ್ಪ ಸ್ಪಷ್ಟವಾಗಿ ಕಾಣುತ್ತದೆ. ಮೊಲೆಯುಣ್ಣುವಾಗ ತಾಯಿಯ ಮುಖವಿರುವುದು ಅಷ್ಟೇ ದೂರದಲ್ಲಿ. ಮುಖವನ್ನು ಪೂರ್ತಿ ಎದುರಿಗೆ ತರಬೇಕು. ಎರಡರಿಂದ ಆರು ತಿಂಗಳ ಕೂಸು ಎದುರುಮುಖಕ್ಕೆ ನಗುತ್ತದೆ, ಅದೇ ಮುಖವನ್ನು ಪಕ್ಕಕ್ಕೆ ತಿರುಗಿಸಿದರೆ ನಗೆ ನಿಲ್ಲುತ್ತದೆ. ಎರಡು ಕಣ್ಣು, ಹಣೆ, ಮೂಗು ಸರಿಯಾಗಿದ್ದರೆ ಮುಖವಾಡವೊಂದು ತಲೆಯಾಡಿಸಿದರೂ ನಗುತ್ತದೆ ಎಂದು ರೆನೆ ಸ್ಪಿಟ್ಸ್ ಎಂಬ ವೈದ್ಯನು 1946ರಲ್ಲಿಯೇ ಬರೆದನು. ಎದುರುಮನೆಯ ಕೂಸು ಬೀದಿಯವರಿಗೆಲ್ಲ ನಗುವುದರ ಗುಟ್ಟು ಇದೇ. ಅದಕ್ಕೆ ಇನ್ನೂ ತನ್ನವರು ಪರರು ಎಂಬ ಭೇದ ಬಲಿತಿಲ್ಲ. ಕಾಡಿಗೆಯನ್ನು ಕಣ್ಣೊಳಗೆ ಹಚ್ಚಬೇಡಿರಿ. ದೃಷ್ಟಿಯಾಗುವುದೆಂಬ ಭಯವಿದ್ದರೆ ಅಂಗಾಲಿಗೆ ಒಂದು ಬೊಟ್ಟಿಡಿ, ಸಾಕು.

ಸದ್ದುಮಾಡಿ ನಗುವುದು ಇನ್ನೂ ಮುಂದಿನ ಮಾತು. ಮೂರೂವರೆ ನಾಲ್ಕು ತಿಂಗಳಿಗೆ, ಎಂದರೆ 14ನೆಯ ವಾರದ ಚುಚ್ಚುಮದ್ದಿನ ಆಸುಪಾಸಿನಲ್ಲಿ ಅಥವಾ ಅದರ ಬೆನ್ನಿಗೆ, ಮೊದಲ ಕಿಲಕಿಲ ಕೇಳಿಸುತ್ತದೆ. ಡಾರ್ವಿನ್ನನ ಮಗನಿಗೆ 110ನೆಯ ದಿನ ಮುಖದ ಮೇಲೆ ಬಟ್ಟೆ ಹಾಕಿ ಥಟ್ಟನೆ ತೆಗೆದಾಗ ನಗೆಯ ಎಳೆಯ ಸದ್ದು ಹೊರಟಿತಂತೆ. ಅಮೆರಿಕದ ನವಾಹೊ ಎಂಬ ಮೂಲನಿವಾಸಿಗಳು ಈ ಮೊದಲ ಸದ್ದಿನ ನಗೆಗೆ ಹಬ್ಬವನ್ನೇ ಮಾಡುವರು. ಕೂಸನ್ನು ಯಾರು ಮೊದಲು ನಗಿಸಿದರೋ ಅವರೇ ಔತಣ ಹಾಕಬೇಕು, ಕೂಸಿನ ಕೈಯಿಂದ ಬಂದವರಿಗೆಲ್ಲ ಉಪ್ಪು ಕೊಡಿಸಬೇಕು. ಹೆಸರಿಡುವುದಕ್ಕೆ, ಕಿವಿ ಚುಚ್ಚುವುದಕ್ಕೆ, ಹಲ್ಲು ಬಂದುದಕ್ಕೆ ನಾವು ಶಾಸ್ತ್ರ ಮಾಡುತ್ತೇವೆ. ನಗೆಗೆ ಒಂದು ಹಿಡಿ ಮಂಡಕ್ಕಿಯನ್ನಾದರೂ ಹಂಚಬಹುದಿತ್ತಲ್ಲವೇ ಎಂದು ನನಗೆ ಅನ್ನಿಸುವುದುಂಟು.

ಮಂಡಕ್ಕಿಯೆಂದಾಗ ನೆನಪಾಯಿತು. ನಮ್ಮ ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಕಡೆ ಹೋಗುವಾಗ ಒಮ್ಮೆ ಎಂಟೊಂಬತ್ತು ವರ್ಷದ ಹುಡುಗಿಯೊಬ್ಬಳು ತಮ್ಮನನ್ನು ಕಂಕುಳಲ್ಲಿಟ್ಟುಕೊಂಡು ನಿಂತಿದ್ದಳು. ತಾಯಿ ಒಳಗೆ ಕೆಲಸದಲ್ಲಿದ್ದಳೆಂದು ಕಾಣುತ್ತದೆ. ಹುಡುಗಿ ತುಟಿಗಳನ್ನು ಒತ್ತಿಹಿಡಿದು 'ಪಟ್' ಎಂದು ಬಿಡುವಳು. ಕೂಸು ಕೇಕೆ ಹಾಕಿ ನಗುವುದು. ಅದು ನಿಂತೊಡನೆ ಅಕ್ಕನ ಬಾಯನ್ನೇ ನೋಡುತ್ತ ಕಾಯುವುದು. ಮಿನಿಸೋಟಾ ವಿಶ್ವವಿದ್ಯಾನಿಲಯದ ಸ್ರೂಫ್ ಮತ್ತು ವುಂಶ್ ಎಂಬಿಬ್ಬರು 1972ರಲ್ಲಿ ಪ್ರಕಟಿಸಿದ ಶೋಧನೆಯಲ್ಲಿ ತುಟಿ ಸಿಡಿಸುವ ಈ ಆಟವೂ ಸೇರಿದೆ! ನಾಲ್ಕೈದು ತಿಂಗಳ ಕೂಸು ಹೊಟ್ಟೆಗೆ ಮುತ್ತಿಟ್ಟರೆ, ಕಚಗುಳಿಯಿಟ್ಟರೆ, ಇಂಥ ಸದ್ದು ಮಾಡಿದರೆ ನಗುತ್ತದೆ. ಏಳೆಂಟು ತಿಂಗಳಿಗೆ ಸೆರಗಿನ ಮರೆಯಲ್ಲಿ ಮುಖ ಮುಚ್ಚಿ ತೆರೆಯುವ ಆಟಕ್ಕೆ. ವರ್ಷ ಸಮೀಪಿಸಿದಂತೆ, ಅವ್ವ ತನ್ನ ಹಾಲಿನ ಬಾಟಲಿಯನ್ನು ತಾನೇ ಚೀಪಿದರೆ, ಬಾತುಕೋಳಿಯಂತೆ ನಡೆದರೆ. ಮೊದಲು ಮೈ ನಗುತ್ತದೆ, ಆಮೇಲೆ ಬುದ್ಧಿ ನಗುತ್ತದೆ. ಆದರೆ ಅವ್ವ ಹಾಕಿಕೊಂಡರೆ ನಗಿಸುವ ಮುಖವಾಡವೇ ಪರರು ಹಾಕಿಕೊಂಡರೆ ಅಳಿಸುತ್ತದೆ. ಹಬ್ಬಕ್ಕೆ ಬಂದ ದೂರದ ನೆಂಟರು ಇದನ್ನು ತಿಳಿದಿರುವುದು ಮೇಲು.

ನಗುತ್ತದೆಂದು ಕಚಗುಳಿಯನ್ನು ಮೇರೆ ಮೀರಿ ಇಡಬೇಡಿರಿ. ಉಸಿರು ಕಟ್ಟುವಂತಾದರೂ ಕೂಸು ನಗುತ್ತಲೇ ಇರುತ್ತದೆ. ಮೇಲಕ್ಕೆ ಎಸೆದು ಹಿಡಿಯುವುದೂ ಮೈಹಿಡಿದು ಕುಲುಕುವುದೂ ಕೂಡದು. ಎಳೆಯ ಕತ್ತಿಗೆ, ಮಿದುಳಿಗೆ ಅಪಾಯ.

ಇನ್ನು ಎಂದು ಚಿಂತಿಸಬೇಕು? ಹೆರಿಗೆಗೆ ಕೊಟ್ಟಿದ್ದ ದಿನದಿಂದ ಎಣಿಸಿ ಮೂರು ತಿಂಗಳಾದರೂ ಮುಖ ನೋಡಿ ನಗದ ಕೂಸನ್ನು ವೈದ್ಯರಿಗೆ ತೋರಿಸಲೇಬೇಕು. ಅವರು ಕಣ್ಣು, ಕಿವಿ, ಮಿದುಳಿನ ಬೆಳವಣಿಗೆ ಎಲ್ಲವನ್ನೂ ನೋಡುವರು. ಕಣ್ಣಪಾಪೆಯಲ್ಲಿ ಬಿಳುಪು ಕಂಡರೆ, ಕೂಸು ದೀಪದ ಕಡೆಗೆ ತಿರುಗದಿದ್ದರೆ, ಪಾತ್ರೆ ಬಿದ್ದ ಸದ್ದಿಗೆ ಬೆಚ್ಚದಿದ್ದರೆ ಮೂರು ತಿಂಗಳು ಕಾಯಬಾರದು. ಸದಾ ಮಲಗಿರುವ, ಮಲಬದ್ಧತೆಯ, ಕಾಮಾಲೆ ಬೇಗ ಇಳಿಯದ, ಒಡಕು ದನಿಯಲ್ಲಿ ಅಳುವ ಕೂಸನ್ನು 'ಮಂಕು' ಎಂದು ಕರೆದು ಕೂರುವವರಿಗೆ ಒಂದು ಮಾತು: ಅದು ಥೈರಾಯಿಡ್ ಗ್ರಂಥಿಯ ಕೊರತೆ ಇರಬಹುದು. ರಕ್ತಪರೀಕ್ಷೆಯಿಂದ ಅದು ತಿಳಿಯುತ್ತದೆ. ಮೊದಲ ವಾರಗಳಲ್ಲಿಯೇ ಮಾತ್ರೆ ಆರಂಭಿಸಿದರೆ ಕೂಸಿನ ಬುದ್ಧಿ ಉಳಿಯುತ್ತದೆ. ಬಂದಿದ್ದ ನಗೆ ಮತ್ತೆ ಹೋಗಿಬಿಟ್ಟರೆ ಯಾವ ವಯಸ್ಸಾದರೂ ಅಂದೇ ತೋರಿಸಿರಿ. ಮುಖದಲ್ಲಿ ಸಂತೋಷವಿಲ್ಲದೆ, ಕಾರಣವಿಲ್ಲದೆ, ಪದೇಪದೇ ಒಂದೇ ತೆರನಾಗಿ ನಗೆಯಂಥ ಸದ್ದು ಬಂದರೆ ಅದು ಅಪೂರ್ವವಾದೊಂದು ಬಗೆಯ ಮೂರ್ಛೆಯೂ ಆಗಿರಬಹುದು.

ಹರಿಹರದ ಕೂಸಿನ ಮಾತು ಅರ್ಧಕ್ಕೆ ನಿಂತಿತು. ಹೋದ ವಾರ ತಂಗಿಯ ಫೋನು ಬಂತು. ಹುಟ್ಟಿದ 103ನೆಯ ದಿನ, ಡಾಕ್ಟರ ದಿನದಿಂದ 47ನೆಯ ದಿನ, ಬೆಳಿಗ್ಗೆ ಹಾಲು ಕುಡಿದು ಬಾಯಿ ಬಿಟ್ಟ ಕೂಸು ತಾಯಿಯ ಮುಖವನ್ನು ದಿಟ್ಟಿಸಿ ನೋಡಿ ನಕ್ಕಿತಂತೆ. ಹುಡುಗಿ ಅವ್ವನನ್ನು ಕೂಗಿದಳಂತೆ; ಅವಳು ಒಲೆಯ ಮೇಲಿನ ಹಾಲನ್ನು ಹಾಗೆಯೇ ಬಿಟ್ಟು ಓಡಿದಳಂತೆ. ಹಾಲು ಉಕ್ಕಿ ಹೋಯಿತು, ಕೂಸು ಇನ್ನೊಮ್ಮೆ ನಕ್ಕಿತು. ಬೀಗಿತಿಗೂ ಸುದ್ದಿ ಮುಟ್ಟಿದೆ. ಬರುವ ಸೋಮವಾರ ನೋಡಲು ಬರುತ್ತಾರಂತೆ.

ನನಗೆ ತೋರಿಸಲೆಂದು ಹುಡುಗಿಯು ಮೊಬೈಲಿನಲ್ಲಿ ಚಿತ್ರ ತೆಗೆದು ಕಳುಹಿಸಿದ್ದಾಳೆ. ಒಂದಲ್ಲ, ಎಂಟು ಚಿತ್ರಗಳು. ಒಂದರಲ್ಲಿಯೂ ನಗೆಯಿಲ್ಲ. ಅವಳ ಮುಖಕ್ಕೂ ಕೂಸಿನ ಮುಖಕ್ಕೂ ನಡುವೆ ಆ ಕರಿಯ ಹಲಗೆ ಬಂದೊಡನೆ ಕೂಸು ನಗುವುದನ್ನು ನಿಲ್ಲಿಸಿ, ಇದೇನು ಅಡ್ಡ ಬಂತೆಂದು ಹುಬ್ಬೇರಿಸಿ ಅದನ್ನೇ ನೋಡುತ್ತಿದೆ. "ಚಿತ್ರದಲ್ಲಿ ಬರೋದಿಲ್ಲ ದೊಡ್ಡವ್ವಾ, ನೀನೇ ಬಾ" ಎಂದು ಕೆಳಗೆ ಬರೆದಿದ್ದಾಳೆ. ನಾಳೆಯ ಬೆಳಗಿನ ಬಸ್ಸಿಗೆ ಹೊರಡುತ್ತೇನೆ.